ಜೇನು ಬರಬೇಕಾ, ಚಿಟ್ಟೆ ಬರಬೇಕಾ, ಎರಡೂ ಬೇಡ್ವಾ: ಮಲೆನಾಡಿನ ಅಂಗಳಕ್ಕೆ ಗಿಡ ಆರಿಸುವ ಬಗೆ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಮಳೆ ಹಿಡಿಯುವ ಹೊತ್ತಿಗೆ ಎಲ್ಲರ ಮನೆಯಲ್ಲೂ ಗಿಡದ್ದೇ ಮಾತು. ನೆಂಟರ ಮನೆಗೆ ಹೋದವರು ಕೈಯಲ್ಲಿ ಎರಡು ಕಡ್ಡಿ ಹಿಡಿದುಕೊಂಡೇ ವಾಪಸ್ ಬರುತ್ತಾರೆ. ಯಾವ ಬಣ್ಣ, ಎಷ್ಟು ಎತ್ತರ ಬರುತ್ತೆ, ನೆರಳಲ್ಲಿ ಬದುಕುತ್ತಾ ಅಂತೆಲ್ಲ ಕೇಳಿಕೊಂಡಿರುತ್ತಾರೆ. ಆ ಹೂವಿಗೆ ಯಾರು ಬರುತ್ತಾರೆ ಅಂತ ಮಾತ್ರ ಯಾರೂ ಕೇಳಿರುವುದಿಲ್ಲ. ಗಿಡ ಬೆಳೆದು, ಜಗಲಿಯ ಪಕ್ಕದಲ್ಲೇ ಬೆಳಗ್ಗೆಯಿಂದ ಜೇನು ಗುಂಯ್‌ಗುಡುವಾಗ ಅದು ನೆನಪಾಗುತ್ತದೆ.

ಒಬ್ಬೊಬ್ಬರ ಅಗತ್ಯ ಒಂದೊಂದು ಥರ. ರೊಬಸ್ಟಾ ಕಾಫಿ ತೋಟ ಇದ್ದವರಿಗೆ ಜೇನು ಬೇಕೇ ಬೇಕು. ಹಿತ್ತಲಲ್ಲಿ ಕುಂಬಳ, ಸೌತೆ ಹಾಕಿದವರಿಗೂ ಬೇಕು. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ, ಜೇನು ಕಚ್ಚಿದರೆ ಮೈಯೆಲ್ಲ ದದ್ದು ಏಳುವವರ ಮನೆಯಲ್ಲಿ ಬಾಗಿಲ ಹತ್ತಿರ ಬೇಡ. ಇನ್ನು ಕೆಲವರಿಗೆ ಕಿಟಕಿಯಿಂದ ನೋಡಿದರೆ ನಾಲ್ಕು ಚಿಟ್ಟೆ ಕಂಡರೆ ಸಾಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಜೇನನ್ನು ಓಡಿಸುವ ಗಿಡ ಅಂತ ಯಾವುದೂ ಇಲ್ಲ. ಜೇನಿಗೆ ಊಟ ಸಿಗದ ಗಿಡಗಳಿವೆ. ಹಾಗಾಗಿ ಬೇಡ ಅನ್ನುವವರು ಕೂಡ ಜೇನನ್ನು ಅಂಗಳದಿಂದಲೇ ಹೊರಹಾಕಬೇಕಾಗಿಲ್ಲ. ಊಟದ ಗಿಡವನ್ನು ಹಿತ್ತಲಿಗೆ ಹಾಕಿ, ಊಟ ಇಲ್ಲದ ಗಿಡವನ್ನು ಬಾಗಿಲಿಗೆ ತಂದರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು.

ಮೊದಲು ಬರುವವರು ಯಾರು ಅಂತ ತಿಳಿಯೋಣ

ಎಲ್ಲವನ್ನೂ ಸುಮ್ನೆ ಜೇನು ಅಂತ ಕರೆದುಬಿಟ್ಟರೆ ಆಯ್ಕೆ ಕಷ್ಟ. ನಮ್ಮ ಕಡೆ ಹೂವಿಗೆ ಬರುವುದು ಮುಖ್ಯವಾಗಿ ನಾಲ್ಕು ಜಾತಿ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು. ದೊಡ್ಡ ಮರದಲ್ಲಿ, ಬಂಡೆಯಲ್ಲಿ, ನೀರಿನ ಟ್ಯಾಂಕಿನ ಅಡಿಯಲ್ಲಿ ಗೂಡು ಕಟ್ಟುವ ಹೆಜ್ಜೇನು. ಬೇಲಿ ಸಾಲಿನ ಪೊದೆಯೊಳಗೆ ಒಂದೇ ತಟ್ಟಿ ಕಟ್ಟುವ ಕೋಲು ಜೇನು. ಗೋಡೆ ಬಿರುಕಿನಲ್ಲಿ, ಸ್ವಿಚ್ ಬಾಕ್ಸಿನ ಒಳಗೆ ಸೇರಿಕೊಳ್ಳುವ ಪುಟ್ಟ ಮಿಸ್ರಿ ಜೇನು. ಕೆಲವರು ಮುಜಂಟಿ ಅನ್ನುತ್ತಾರೆ. ಇದು ಚುಚ್ಚುವುದೇ ಇಲ್ಲ. ಚುಚ್ಚುವ ಭಯ ಇರುವವರು ಇದನ್ನು ಹೆದರಿ ಕೊಲ್ಲುವುದನ್ನು ನೋಡಿದರೆ ಬೇಜಾರಾಗುತ್ತದೆ.

ಇವುಗಳ ಜೊತೆಗೆ ಒಂಟಿಯಾಗಿ ಓಡಾಡುವವು ಬೇರೆ ಇವೆ. ಒಣಮರ, ಬಿದಿರು ಕೊರೆದು ಗೂಡು ಮಾಡುವ ಕಪ್ಪು ದುಂಬಿ, ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಜೇನು, ಗುಲಾಬಿ ಎಲೆಯ ಅಂಚನ್ನು ದುಂಡಗೆ ಕತ್ತರಿಸಿ ಹೊತ್ತೊಯ್ಯುವ ಎಲೆ ಕತ್ತರಿಸುವ ಜೇನು. ಗುಲಾಬಿ ಎಲೆಯಲ್ಲಿ ಅಚ್ಚುಕಟ್ಟಾದ ಅರ್ಧವೃತ್ತ ಕಂಡರೆ ರೋಗ ಅಂದುಕೊಂಡು ಔಷಧಿ ಹೊಡೆಯಬೇಡಿ. ಗಿಡಕ್ಕೆ ಏನೂ ಆಗಿರುವುದಿಲ್ಲ.

ಹೂವಿನ ಮೇಲೆ ಕೂತ ಜೇನು ಸಾಮಾನ್ಯವಾಗಿ ಯಾರ ತಂಟೆಗೂ ಬರುವುದಿಲ್ಲ. ಕೈಯಿಂದ ಒತ್ತಿದರೆ, ಕಾಲಲ್ಲಿ ತುಳಿದರೆ ಚುಚ್ಚುತ್ತದೆ. ಗುಂಪಾಗಿ ಅಟ್ಟಿಸಿಕೊಂಡು ಬರುವುದು ಗೂಡನ್ನು ಕೆಣಕಿದಾಗ. ಗಿಡ ಆರಿಸುವಾಗ ಈ ವ್ಯತ್ಯಾಸ ನೆನಪಿಡಬೇಕು. ಮರದಲ್ಲಿ ಹೆಜ್ಜೇನು ಕಟ್ಟಿದ್ದರೆ ಕೆಳಗಿನ ಹೂಗಿಡ ಕಿತ್ತು ಪ್ರಯೋಜನವಿಲ್ಲ.

ಕೇಪಳವೋ, ತುಳಸಿಯೋ

ಹೂವಿನ ಆಕಾರ ನೋಡಿದರೆ ಯಾರು ಬರುತ್ತಾರೆ ಅಂತ ಹೆಚ್ಚುಕಡಿಮೆ ಹೇಳಬಹುದು. ಇದಕ್ಕೆ ನಮ್ಮ ಮನೆಗಳಲ್ಲೇ ಇರುವ ಎರಡು ಗಿಡ ಸಾಕು.

ಕೇಪಳದ ಹೂ ಕಿತ್ತು ಬುಡ ಚೀಪಿದ್ದು ಎಲ್ಲರಿಗೂ ನೆನಪಿರುತ್ತೆ, ಅಲ್ವಾ? ಆ ಸಿಹಿ ಇರುವುದು ಸಣ್ಣ ಕೊಳವೆಯ ತಳದಲ್ಲಿ. ಕೊಳವೆಯ ಉದ್ದ ಸುಮಾರು 3 ಸೆಂ.ಮೀ. ತುಡುವೆ ಜೇನಿನ ನಾಲಿಗೆ ಉದ್ದ 5 ಮಿ.ಮೀ. ಆಸುಪಾಸು. ಅಲ್ಲಿಗೆ ಎಟುಕುವುದೇ ಇಲ್ಲ. ಚಿಟ್ಟೆಯ ಸುರುಳಿ ನಾಲಿಗೆ ಬಿಚ್ಚಿಕೊಂಡು ಸಲೀಸಾಗಿ ಇಳಿಯುತ್ತದೆ. ಕೇಪಳದ ಕೆಂಪು ಬಣ್ಣವೂ ಚಿಟ್ಟೆಯ ಪರವಾಗಿಯೇ ಇದೆ. ಜೇನಿನ ಕಣ್ಣಿಗೆ ಕೆಂಪು ಸರಿಯಾಗಿ ಕಾಣದು. ನೀಲಿ, ನೇರಳೆ, ಹಳದಿ, ನಮಗೆ ಕಾಣದ ಅತಿನೇರಳೆ ಚೆನ್ನಾಗಿ ಕಾಣುತ್ತದೆ. ಹಲವು ಚಿಟ್ಟೆಗಳಿಗೆ ಕೆಂಪೂ ಕಾಣುತ್ತದೆ.

ತುಳಸಿ ಇದಕ್ಕೆ ತದ್ವಿರುದ್ಧ. ಹೂ ಎಷ್ಟು ಚಿಕ್ಕದೆಂದರೆ ಅದನ್ನು ಹೂ ಅಂತಲೇ ನಾವು ಲೆಕ್ಕಕ್ಕೆ ಇಡುವುದಿಲ್ಲ. ಆದರೆ ಬಾಯಿ ತೆರೆದ ಹೂ, ಮಕರಂದ ಕೈಗೆಟುಕುವಷ್ಟು ಮೇಲೆ. ಬಿಸಿಲು ಬಿದ್ದ ತುಳಸಿ ಕಟ್ಟೆಯ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ. ತುಡುವೆ ಬಂದು ತೆನೆಯ ಬುಡದಲ್ಲಿ ಕೂರುತ್ತದೆ. ಒಂದು ಹೂವಿಗೆ ಮುಖ ಹಾಕಿ, ಕ್ಷಣ ನಿಂತು, ಮೇಲಿನದಕ್ಕೆ ಏರುತ್ತದೆ. ಹಾಗೇ ತುದಿ ಮುಟ್ಟಿ ಪಕ್ಕದ ತೆನೆಯ ಬುಡಕ್ಕೆ ಹಾರುತ್ತದೆ. ಅದು ಹೋದ ಮೇಲೆ ಮಿಸ್ರಿ ಬರುತ್ತದೆ, ಆಮೇಲೆ ನೀಲಿಪಟ್ಟೆಯದು ಬಂದು ಹಾರಾಡುತ್ತಲೇ ಕುಡಿದು ಹೋಗುತ್ತದೆ. ಕಾಮಕಸ್ತೂರಿ, ಪುದೀನ, ದೊಡ್ಡಪತ್ರೆ ಹೂ ಬಿಟ್ಟಾಗಲೂ ಇದೇ ಕಥೆ.

ಹಾಗಾದರೆ ಆಯ್ಕೆ ಹೀಗೆ. ಚಿಟ್ಟೆ ಬೇಕು, ಜೇನು ಜಾಸ್ತಿ ಬೇಡ ಅಂದರೆ ಮುಂದಿನ ಅಂಗಳಕ್ಕೆ ಕೇಪಳ. ಜಾಗ ಇದ್ದರೆ ಜೊತೆಗೆ ರಥಹೂ, ಗೋಪುರದ ಹಾಗೆ ಮೇಲೇರುವ ಕೆಂಪು ಗೊಂಚಲಿನದು. ಹಳೆಯ ಊರಿನ ಕೇಪಳವೇ ಒಳ್ಳೆಯದು. ನರ್ಸರಿಯಲ್ಲಿ ಇಕ್ಸೋರ ಅಂತ ಸಿಗುವ ಗಿಡ್ಡ ತಳಿಗಳೂ ಆಗುತ್ತವೆ, ಆದರೆ ದೊಡ್ಡ ಚಿಟ್ಟೆಗಳು ಎತ್ತರದ ಗೊಂಚಲನ್ನು ಹೆಚ್ಚು ಇಷ್ಟಪಡುತ್ತವೆ ಅನ್ನಿಸಿದೆ.

ಜೇನು ಬೇಡದ ಮನೆಯವರು ತುಳಸಿಯನ್ನು ತೆಗೆಯುವ ಮಾತೇ ಇಲ್ಲ. ತೆನೆ ಮೂಡುತ್ತಿದ್ದಂತೆ ಚಿವುಟುತ್ತಾ ಇರಿ. ಹೂ ಇಲ್ಲದಿದ್ದರೆ ಜೇನಿಗೆ ಅಲ್ಲಿ ಕೆಲಸವಿಲ್ಲ, ಗಿಡವೂ ಕವಲೊಡೆದು ಪೊದೆಯಾಗುತ್ತದೆ. ದ್ವಾದಶಿ ದಿನ ತುಳಸಿ ಕೀಳದ ಮನೆಗಳಲ್ಲಿ ಹಿಂದಿನ ದಿನವೋ ಮರುದಿನವೋ ಚಿವುಟಿದರಾಯಿತು. ಬೀಜಕ್ಕೆ ಬೇಕಾದರೆ ಹಿತ್ತಲಲ್ಲಿ ಇನ್ನೊಂದು ಗಿಡ ಬಿಡಿ.

ಒಂದೇ ಗಿಡ, ಎರಡು ಬಗೆ

ದಾಸವಾಳ, ಚೆಂಡು ಹೂ, ಗುಲಾಬಿ, ಸೇವಂತಿಗೆ, ಗೌರಿ ಹೂ. ಇವುಗಳಲ್ಲಿ ಒಂದೇ ಸುತ್ತಿನ ಎಸಳಿನ ಹೂ, ಮುದ್ದೆ ಹೂ ಅಂತ ಎರಡು ಬಗೆ ಇರುತ್ತವೆ. ಮುದ್ದೆ ದಾಸವಾಳ, ಮುದ್ದೆ ಗುಲಾಬಿಯಲ್ಲಿ ಪರಾಗ ಇರಬೇಕಾದ ಕೇಸರಗಳೇ ಬಹುಪಾಲು ಎಸಳಾಗಿರುತ್ತವೆ. ಚೆಂಡು ಹೂ, ಸೇವಂತಿಗೆಯಲ್ಲಿ ನಡುವಿನ ಪುಟ್ಟ ಪುಟ್ಟ ಹೂಗಳೇ ಎಸಳಿನಂತಾಗಿರುತ್ತವೆ. ಮಕರಂದ ಇದ್ದರೂ ಎಸಳುಗಳ ಸಂದಿಯಲ್ಲಿ ದಾರಿ ಸಿಗುವುದಿಲ್ಲ. ಪೂಜೆಗೆ, ಮುಡಿಯಲು ಮುದ್ದೆ ಹೂ ಚೆಂದ. ಹುಳಗಳ ಪಾಲಿಗೆ ಅದು ಹೆಚ್ಚುಕಡಿಮೆ ಖಾಲಿ.

ಬಾಗಿಲ ಪಕ್ಕಕ್ಕೆ ಮುದ್ದೆ ದಾಸವಾಳ, ಮುದ್ದೆ ಚೆಂಡು ಹೂ ಹಾಕಿ. ಒಂದು ಸುತ್ತಿನವನ್ನು ಹಿತ್ತಲ ದಾರಿಗೆ ಹಾಕಿ. ಒಂಟಿ ಎಸಳಿನ ಕೆಂಪು ದಾಸವಾಳಕ್ಕೆ ಸೂರಕ್ಕಿಯೂ ಬರುತ್ತದೆ. ಜೀನಿಯಾ, ಕಾಸ್ಮಾಸ್ ಬೀಜ ಕೊಳ್ಳುವಾಗ ಪೊಟ್ಟಣದ ಮೇಲಿನ ಚಿತ್ರ ನೋಡಿ: ನಡುವೆ ಹಳದಿ ಗುಂಡಿ ಎದ್ದು ಕಾಣುವ ಹೂವಾದರೆ ಚಿಟ್ಟೆಯೂ ಬರುತ್ತದೆ, ಜೇನೂ ಬರುತ್ತದೆ.

ಚಿಟ್ಟೆಗೆ ಹೂವೊಂದೇ ಸಾಲದು

ಜೇನಿನ ಸಂಸಾರ ಗೂಡಿನಲ್ಲಿರುತ್ತದೆ, ಮರಿಗೆ ಊಟ ಗೂಡಿಗೇ ಹೋಗುತ್ತದೆ. ಚಿಟ್ಟೆಯ ಲೆಕ್ಕ ಬೇರೆ. ಅದರ ಮರಿ ಎಲೆ ತಿಂದು ಬೆಳೆಯುತ್ತದೆ, ಅದೂ ಒಂದೊಂದು ಜಾತಿ ಒಂದೊಂದು ಗಿಡದ್ದೇ ಎಲೆ. ಹೂ ಎಷ್ಟಿದ್ದರೂ ಚಿಟ್ಟೆ ನೆಂಟರ ಹಾಗೆ ಬಂದು ಹೋಗುತ್ತದೆ. ಎಲೆಯ ಗಿಡ ಇದ್ದರೆ ಅಂಗಳದಲ್ಲೇ ಹುಟ್ಟುತ್ತದೆ. ಹಾಗಾಗಿ ಚಿಟ್ಟೆ ಬೇಕು ಅನ್ನುವವರು ಎಲೆಗೆ ತೂತು ಬೀಳುವುದನ್ನು ಒಪ್ಪಿಕೊಳ್ಳಲೇಬೇಕು. ಅದಕ್ಕೆ ಮನಸ್ಸಿಲ್ಲದಿದ್ದರೆ ಕೇಪಳದಲ್ಲಿ ನಿಲ್ಲಿಸಿ.

ಶುರು ಮಾಡಲು ನಿಂಬೆ ಒಳ್ಳೆಯದೋ, ಕರಿಬೇವೋ? ಎರಡರ ಮೇಲೂ ಕಾಮನ್ ಮಾರ್ಮನ್ ಅನ್ನುವ ಕಪ್ಪು ಚಿಟ್ಟೆ ಮೊಟ್ಟೆ ಇಡುತ್ತದೆ. ಲೈಮ್ ಬಟರ್‌ಫ್ಲೈ ಅನ್ನುವುದಕ್ಕೆ ನಿಂಬೆ ಜಾತಿ ಹೆಚ್ಚು ಇಷ್ಟ. ಕಂಚಿ, ಹೇರಳೆ ಗಿಡ ಇದ್ದರೆ ನೀಲಿ ರೆಕ್ಕೆಯ ಬ್ಲೂ ಮಾರ್ಮನ್ ಕೂಡ ಬರಬಹುದು. ನಿಂಬೆಗೆ ಮುಳ್ಳಿದೆ, ಹೂ ಬಿಟ್ಟಾಗ ಜೇನು ಮುತ್ತುತ್ತದೆ. ಕರಿಬೇವಿನ ಹೂವಿಗೂ ಜೇನು ಬರುತ್ತದೆ, ಆದರೆ ಒಗ್ಗರಣೆಗೆ ಅಂತ ಕುಡಿ ಕೀಳುತ್ತಲೇ ಇರುವ ಗಿಡ ಹೂ ಬಿಡುವುದು ಕಮ್ಮಿ. ಚಿಕ್ಕ ಜಾಗಕ್ಕೆ ನಾನು ಕರಿಬೇವನ್ನೇ ಹೇಳುತ್ತೇನೆ, ಅದೂ ಎರಡು ಗಿಡ: ಒಂದು ಅಡುಗೆಗೆ, ಒಂದು ಹುಳಕ್ಕೆ. ಅಡುಗೆ ಗಿಡದಲ್ಲಿ ಹುಳ ಕಂಡರೆ ಎಲೆ ಸಮೇತ ಕಿತ್ತು ಇನ್ನೊಂದರ ಮೇಲೆ ಬಿಡಿ.

ಆ ಹುಳವನ್ನು ಹತ್ತಿರದಿಂದ ನೋಡುವುದೇ ಒಂದು ಖುಷಿ. ಮೊದಲು ಕಂದು-ಬಿಳಿ ಮಿಶ್ರ. ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದಿದೆ ಅಂದುಕೊಂಡು ನಾವೂ ಬಿಟ್ಟುಬಿಡುತ್ತೇವೆ, ಹಕ್ಕಿಯೂ ಬಿಟ್ಟುಬಿಡುತ್ತದೆ. ಪೊರೆ ಕಳಚುತ್ತಾ ಹೋಗಿ ಕೊನೆಗೆ ಅಚ್ಚ ಹಸಿರು. ಆಗ ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಎರಡು ಕವಲಿನ ಕೆಂಪು ಕೊಂಬು ಹೊರಗೆ ಬಂದು ಗಪ್ಪನೆ ಒಂದು ಹುಳಿ ವಾಸನೆ ಹೊಡೆಯುತ್ತದೆ. ಕೊಂಬು ಮತ್ತೆ ಒಳಗೆ. ಈ ಹುಳಕ್ಕೆ ಚುಚ್ಚುವ ರೋಮ ಇಲ್ಲ, ಮಕ್ಕಳಿಗೆ ಧೈರ್ಯವಾಗಿ ತೋರಿಸಬಹುದು. ಕಂಬಳಿ ಹುಳುವಿನ ಭಯಕ್ಕೆ ಎಲ್ಲ ಹುಳವನ್ನೂ ಸಾಯಿಸುವವರು ಇದನ್ನೊಮ್ಮೆ ನೋಡಬೇಕು.

ಸಂಪಿಗೆ, ಸೀತಾಫಲ, ಉದ್ದಕ್ಕೆ ಬೆಳೆಯುವ ಅಶೋಕ ಇದ್ದರೆ ಹಸಿರು ಚುಕ್ಕಿಯ ಟೈಲ್ಡ್ ಜೇ ಬರುತ್ತದೆ. ಕಣಗಿಲೆ ಇದ್ದರೆ ಕಾಮನ್ ಕ್ರೋ. ಇದರ ಗೂಡು ಎಲೆಯಡಿಯಲ್ಲಿ ತೂಗುತ್ತಾ ಬೆಳ್ಳಿ-ಬಂಗಾರದ ಹೊಳಪಲ್ಲಿ ಮಿನುಗುತ್ತದೆ. ಆದರೆ ಕಣಗಿಲೆಯ ಎಲೆ, ಹೂ, ಕಡ್ಡಿ ಎಲ್ಲವೂ ವಿಷ. ಚಿಕ್ಕ ಮಕ್ಕಳು, ದನ ಇರುವ ಮನೆಗೆ ಅದು ಬೇಡ. ಎಕ್ಕದ ಮೇಲೆ ಪ್ಲೇನ್ ಟೈಗರ್ ಬೆಳೆಯುತ್ತದೆ. ಅದರ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಹಾಗಾಗಿ ಬೇಲಿಯಾಚೆಗೆ ಸರಿ.

ತೋಟದವರಿಗೆ ಒಂದು ಮಾತು. ನೆರಳಿನ ಮರದ ಮೇಲೆ ಬಂದಳಿಕೆ ಕಂಡರೆ ಕಡಿಯುತ್ತೀರಿ, ಕಡಿಯಬೇಕಾದದ್ದೇ. ರಸ್ತೆ ಬದಿಯ ಯಾವುದಾದರೂ ಕಾಡುಮರದಲ್ಲಿ ಒಂದು ಕೊಂಬೆಯಷ್ಟು ಬಿಟ್ಟರೆ ಹಳದಿ-ಕೆಂಪು ಅಂಚಿನ ಜೆಜೆಬೆಲ್ ಚಿಟ್ಟೆಗೆ ಅಷ್ಟೇ ಸಾಕು. ಅದರ ಮರಿಗೆ ಬಂದಳಿಕೆ ಜಾತಿಯ ಎಲೆಯೇ ಬೇಕು.

ಚಪ್ಪರಕ್ಕೆ ಯಾವ ಬಳ್ಳಿ

ಗೇಟಿನ ಕಮಾನಿಗೆ, ಕಾರು ನಿಲ್ಲಿಸುವ ಚಪ್ಪರಕ್ಕೆ ಬಳ್ಳಿ ಹುಡುಕುವವರು ಜಾಸ್ತಿ. ಮೂರನ್ನು ಹೋಲಿಸಿ ನೋಡಿ.

ಗುಲಾಬಿ ಬಣ್ಣದ ಗೊಂಚಲಿನ ಆಂಟಿಗೋನಾನ್ ಬೇಗ ಹಬ್ಬುತ್ತದೆ, ಬಹಳ ದಿನ ಹೂ ಬಿಡುತ್ತದೆ. ಜೇನು ತುಂಬಾ ಬರುತ್ತದೆ, ತುಂಬಾ ಅಂದರೆ ತುಂಬಾ. ತಲೆ ಮೇಲಿನ ಕಮಾನಿಗೆ ಬೇಡವೇ ಬೇಡ. ಜೇನು ಪೆಟ್ಟಿಗೆ ಇಟ್ಟವರಿಗೆ ಹಿಂದಿನ ಬೇಲಿಗೆ ಚೆನ್ನ. ಆದರೆ ಅದು ಕೈ ಮೀರಿ ಹಬ್ಬುವ ಬಳ್ಳಿ, ಕಾಡಿನ ಅಂಚಿನ ತೋಟದಲ್ಲಿ ಹಾಕಬೇಡಿ.

ಕಾಗದದ ಹೂವಿನಲ್ಲಿ ಬಣ್ಣ ಕಾಣುವುದು ಎಲೆಯದು. ನಿಜವಾದ ಹೂ ನಡುವಿನ ಸಣ್ಣ ಬಿಳಿ ಕೊಳವೆ. ಜೇನು ಅದರ ಗೋಜಿಗೆ ಹೆಚ್ಚು ಹೋಗುವುದಿಲ್ಲ, ಚಿಟ್ಟೆ ಅಪರೂಪಕ್ಕೆ ಇಣುಕುತ್ತದೆ. ಗೇಟಿಗೆ ಬಣ್ಣ ಬೇಕು, ಹುಳ ಬೇಡ ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಕೊಪ್ಪ, ಶೃಂಗೇರಿ ಕಡೆಯ ಮಳೆಗೆ ಅದನ್ನು ಸೂರಿನ ಅಂಚಿಗೆ, ಎತ್ತರದ ಮಣ್ಣಿಗೆ ಹಾಕಬೇಕು.

ಮೂರನೆಯದು ಈಶ್ವರ ಬಳ್ಳಿ. ನೋಡಲು ಏನೂ ವಿಶೇಷವಿಲ್ಲ, ಹೂವೂ ಕಣ್ಣಿಗೆ ಬೀಳುವಂಥದ್ದಲ್ಲ. ಆದರೆ ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವುದು ಈ ಜಾತಿಯ ಬಳ್ಳಿಗಳ ಮೇಲೆ. ರೆಕ್ಕೆ ಹರಡಿದರೆ 190 ಮಿ.ಮೀ.ವರೆಗೆ ಬರುವ, ಕಪ್ಪು-ಬಂಗಾರದ ಚಿಟ್ಟೆ ಅದು. ಪಶ್ಚಿಮ ಘಟ್ಟ ಬಿಟ್ಟರೆ ಬೇರೆ ಕಡೆ ಕಾಣುವುದು ಕಷ್ಟ. ಕ್ರಿಮ್ಸನ್ ರೋಸ್, ಕಾಮನ್ ರೋಸ್ ಚಿಟ್ಟೆಗಳಿಗೂ ಇದೇ ಬಳ್ಳಿ. ಮೂಡಿಗೆರೆ, ಸಕಲೇಶಪುರ, ಬಾಳೆಹೊನ್ನೂರು ಸುತ್ತ ಮನೆ ಇದ್ದವರು ಒಂದೇ ಒಂದು ಬಳ್ಳಿ ಹಾಕುವುದಾದರೆ ಇದನ್ನು ಹಾಕಿ ಅಂತ ಕೈಮುಗಿದು ಕೇಳುತ್ತೇನೆ. ಅರೆನೆರಳಲ್ಲಿ, ಯಾವುದಾದರೂ ಮರಕ್ಕೆ ಹಬ್ಬಿಸಿದರೆ ಸಾಕು. ಪಕ್ಕದಲ್ಲಿ ಕೇಪಳ, ರಥಹೂ ಇದ್ದರೆ ದೊಡ್ಡ ಚಿಟ್ಟೆಗೂ ಊಟ, ಮರಿಗೂ ಊಟ.

ಈ ಬಳ್ಳಿಯ ವಿಷಯದಲ್ಲಿ ಎರಡು ಎಚ್ಚರಿಕೆ. ಇದನ್ನು ಮನೆಮದ್ದಾಗಿ ಬಳಸಬೇಡಿ. ಇದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿ ಹಾಳುಮಾಡುತ್ತದೆ, ಕ್ಯಾನ್ಸರ್‌ಗೂ ಕಾರಣವಾಗುತ್ತದೆ. ಇನ್ನೊಂದು, ನರ್ಸರಿಯಲ್ಲಿ ಅಂದಕ್ಕೆ ಅಂತ ಮಾರುವ, ಚುಕ್ಕಿ ಚುಕ್ಕಿ ದೊಡ್ಡ ಹೂವಿನ ವಿದೇಶಿ ಅರಿಸ್ಟೊಲೋಕಿಯಾ (ಈಶ್ವರ ಬಳ್ಳಿಯ ಜಾತಿಯದೇ) ತರಬೇಡಿ. ಆಸ್ಟ್ರೇಲಿಯಾದಲ್ಲಿ ಅಲ್ಲಿನ ರಿಚ್ಮಂಡ್ ಬರ್ಡ್‌ವಿಂಗ್ ಚಿಟ್ಟೆ ಅಂಥ ಬಳ್ಳಿಯ ಮೇಲೆ ಮೊಟ್ಟೆ ಇಟ್ಟು, ಮರಿಗಳು ಎಲೆ ತಿಂದು ಸಾಯುತ್ತವೆ. ನಮ್ಮ ಚಿಟ್ಟೆಯನ್ನು ಅಂಥ ಪರೀಕ್ಷೆಗೆ ಒಡ್ಡುವುದು ಯಾಕೆ?

ಕಾಫಿ, ಏಲಕ್ಕಿ, ಹಿತ್ತಲ ತರಕಾರಿ

ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟಬಲ್ಲದು. ರೊಬಸ್ಟಾಗೆ ಬೇರೆ ಗಿಡದ ಪರಾಗ ಬೇಕು. ಗಾಳಿ ಸ್ವಲ್ಪ ತರುತ್ತದೆ, ಜೇನು ಬಹಳ ತರುತ್ತದೆ. ಏಲಕ್ಕಿಗಂತೂ ಜೇನೇ ದಿಕ್ಕು. ಕಾಳುಮೆಣಸಿಗೆ ಜೇನಿನ ಹಂಗಿಲ್ಲ. ಹಾಗಾಗಿ ರೊಬಸ್ಟಾ, ಏಲಕ್ಕಿ ಇದ್ದವರು ಜೇನು ಬೇಡ ಅನ್ನುವ ಪಟ್ಟಿ ಓದಬೇಕಾಗಿಲ್ಲ.

ತೋಟದ ಕಷ್ಟ ಬೇರೆ. ಕಾಫಿಯನ್ನು ಅರಳಿಸುವ ಹೂ ಮಳೆ ಬಿದ್ದು 8-10 ದಿನಕ್ಕೆ ಇಡೀ ಇಳಿಜಾರು ಬೆಳ್ಳಗಾಗುತ್ತದೆ, ಕೆಲವೇ ದಿನಕ್ಕೆ ಮುಗಿಯುತ್ತದೆ. ಆ ಜೇನು ವರ್ಷದ ಉಳಿದ ದಿನ ಎಲ್ಲಿ ಉಣ್ಣಬೇಕು? ಮಾರ್ಚ್-ಏಪ್ರಿಲ್‌ಗೆ ಸಿಲ್ವರ್ ಓಕ್, ಹೊಂಗೆ, ನೇರಳೆ ಇವೆ. ಜೂನ್‌ನಿಂದ ಆಗಸ್ಟ್‌ವರೆಗೆ ಕುಂಭದ್ರೋಣ ಮಳೆ, ಜೇನಿಗೆ ಅದೇ ಬರಗಾಲ. ಸಾಕುವವರು ಸಕ್ಕರೆ ಪಾಕ ಕೊಟ್ಟು ಕಾಪಾಡುತ್ತಾರೆ. ಅದಕ್ಕೇ ಹಿತ್ತಲಿಗೆ ಗಿಡ ಆರಿಸುವಾಗ ಮಳೆ ಬಿಡುವು ಕೊಟ್ಟಾಗ ಹೂ ಇರುವಂಥದ್ದಕ್ಕೆ ಮೊದಲ ಮಣೆ: ತುಳಸಿ, ಕಾಮಕಸ್ತೂರಿ, ಒಂಟಿ ಎಸಳಿನ ಗೌರಿ ಹೂ, ವರ್ಷವಿಡೀ ಹೊಂಬಾಳೆ ಬಿಡುವ ತೆಂಗು. 1991-92ರ ಸುಮಾರಿಗೆ ಜೇನಿನ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ದಕ್ಷಿಣ ಭಾರತದ ತುಡುವೆ ಸಂಸಾರಗಳು ರಾಶಿ ರಾಶಿ ನಾಶವಾದವು. ಪೆಟ್ಟಿಗೆ ಖಾಲಿಯಾದ ಆ ದಿನಗಳನ್ನು ಹಿರಿಯ ಬೆಳೆಗಾರರು ಇವತ್ತಿಗೂ ಸಂಕಟದಿಂದ ಹೇಳುತ್ತಾರೆ. ಉಳಿದದ್ದನ್ನು ಹಸಿವಿಗೆ ಬಿಡಬಾರದು.

ತರಕಾರಿಯಲ್ಲಿ ಕುಂಬಳ, ಸೌತೆ, ಹಾಗಲಕ್ಕೆ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಜೇನು ಬರದಿದ್ದರೆ ಪೀಚು ಹಳದಿಯಾಗಿ ಉದುರುತ್ತದೆ. ಬದನೆ ಹೂವಿನ ಸಂಗತಿ ಚೆನ್ನಾಗಿದೆ. ಅದರ ಪರಾಗ ಇರುವುದು ತುದಿಯಲ್ಲಿ ಮಾತ್ರ ತೂತಿರುವ ಹಳದಿ ಚೀಲದೊಳಗೆ. ದುಂಬಿಯೋ ನೀಲಿಪಟ್ಟೆ ಜೇನೋ ಅದನ್ನು ತಬ್ಬಿಕೊಂಡು ಜೋರಾಗಿ ಗುಂಯ್ ಅಂದಾಗ ಪರಾಗ ಉದುರುತ್ತದೆ. ತುಡುವೆಗೆ ಈ ವಿದ್ಯೆ ಬರುವುದಿಲ್ಲ. ಬದನೆ ಇರುವವರು ದುಂಬಿ ಕೊರೆದ ಹಳೆ ಬಿದಿರು ಗಳವನ್ನು ಒಲೆಗೆ ಹಾಕದೆ ಹಾಗೇ ಬಿಡಿ.

ಹಗಲು ಜೇನು ಬೇಡ, ಚಪ್ಪರದಲ್ಲಿ ತರಕಾರಿ ಬೇಕು ಅಂದರೆ? ಸೋರೆ, ಪಡವಲ ಹಾಕಿ. ಬಿಳಿ ಹೂ, ಸಂಜೆ ಮೇಲೆ ಅರಳುತ್ತದೆ, ಅದಕ್ಕೆ ಬರುವುದು ರಾತ್ರಿಯ ಪತಂಗ. ಕಾಯಿ ಕಟ್ಟದಿದ್ದರೆ ಕತ್ತಲಾದ ಮೇಲೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಸವರಬಹುದು.

ಬೇಡ ಅನ್ನುವವರಿಗೆ

ಬಾಗಿಲು, ಕಿಟಕಿ, ಮಕ್ಕಳು ಆಡುವ ಜಾಗದ ಸುತ್ತ ಎಲೆಯ ಚೆಂದಕ್ಕೆ ಬೆಳೆಸುವ ಗಿಡ ಇರಲಿ: ಜರಿಗಿಡ, ಕ್ರೋಟನ್, ಕೆಸುವಿನ ಬಗೆಗಳು, ಮನಿ ಪ್ಲಾಂಟ್. ಹೂ ಬೇಕು ಅಂದರೆ ಆಂಥೂರಿಯಂ, ದುಂಡು ಗೊಂಚಲಿನ ಹೈಡ್ರೇಂಜಿಯಾ, ಮುದ್ದೆ ದಾಸವಾಳ, ಕುಂಡದ ಜೆರೇನಿಯಂ. ಆಂಥೂರಿಯಂ, ಹೈಡ್ರೇಂಜಿಯಾ ಎರಡಕ್ಕೂ ನಮ್ಮ ತಂಪು, ನೆರಳು ಹೇಳಿ ಮಾಡಿಸಿದ್ದು. ಹೈಡ್ರೇಂಜಿಯಾದ ದುಂಡು ಗೊಂಚಲಲ್ಲಿ ಹೆಚ್ಚಿನವು ಬರೀ ತೋರಿಕೆಯ ಹೂ. ರಾತ್ರಿ ಅರಳುವ ಬ್ರಹ್ಮಕಮಲವೂ ಜಗಲಿಗೆ ಒಪ್ಪುತ್ತದೆ.

ಪುದೀನ, ಮಜ್ಜಿಗೆ ಹುಲ್ಲು, ಚೆಂಡು ಹೂ ಹಾಕಿದರೆ ಜೇನು ಓಡುತ್ತದೆ ಅನ್ನುವ ಮಾತು ಎಲ್ಲೆಡೆ ಓಡಾಡುತ್ತಿದೆ. ನಂಬಬೇಡಿ. ಪುದೀನ ಹೂ ಬಿಟ್ಟ ದಿನ ಅದೇ ಜೇನನ್ನು ಕರೆಯುತ್ತದೆ. ಮಜ್ಜಿಗೆ ಹುಲ್ಲಿಗೆ ಜೇನು ಬರದಿರುವುದು ಅಲ್ಲಿ ಊಟ ಇಲ್ಲದ್ದಕ್ಕೆ. ಅದರ ಪಕ್ಕದ ತುಳಸಿಗೆ ಬಂದೇ ಬರುತ್ತದೆ.

ಗಿಡಕ್ಕಿಂತ ಬೇರೆ ಕಾರಣಗಳೇ ಎಷ್ಟೋ ಸಲ ದೊಡ್ಡವು. ಹುಲ್ಲಿನ ನಡುವೆ ಹಬ್ಬುವ ಮುಟ್ಟಿದರೆ ಮುನಿಯ ಗುಲಾಬಿ ಹೂವಿಗೆ ಬೆಳಬೆಳಗ್ಗೆ ಪರಾಗಕ್ಕೆಂದು ಜೇನು ಬರುತ್ತದೆ. ಬರಿಗಾಲಲ್ಲಿ ಓಡುವ ಮಗು ತುಳಿಯುವುದು ಅಲ್ಲೇ. ಅದನ್ನು ಮೊದಲು ಕೀಳಿ. ಬಿದ್ದ ಹಲಸು, ಸೀಬೆ, ಮಾವು ಕೊಳೆಯಲು ಬಿಟ್ಟರೆ ಜೇನೂ ಕಡಜವೂ ಮುತ್ತುತ್ತವೆ. ಬೇಸಿಗೆಯಲ್ಲಿ ಸೋರುವ ನಲ್ಲಿಗೆ ಜೇನು ನೀರಿಗೆ ಬರುತ್ತದೆ. ನಲ್ಲಿ ರಿಪೇರಿ ಮಾಡಿಸಿ, ಹಿತ್ತಲಲ್ಲಿ ಒಂದು ತಟ್ಟೆಗೆ ಕಲ್ಲು ಹಾಕಿ ನೀರಿಡಿ. ಪಕ್ಕದಲ್ಲಿ ಒಂದಿಷ್ಟು ಒದ್ದೆ ಮರಳು ಇದ್ದರೆ ಗಂಡು ಚಿಟ್ಟೆಗಳು ಉಪ್ಪಿನಂಶ ಹೀರಲು ಕೂರುತ್ತವೆ. ಸಂಜೆ ಜಗಲಿಯ ಟ್ಯೂಬ್‌ಲೈಟಿಗೆ ಹೆಜ್ಜೇನು ಬಂದು ಬೀಳುವುದಕ್ಕೂ ಹೂವಿಗೂ ಸಂಬಂಧವಿಲ್ಲ, ಅದು ಬೆಳಕಿಗೆ ಬರುತ್ತದೆ. ಆ ದಿನಗಳಲ್ಲಿ ಹೊರಗಿನ ಲೈಟ್ ಆರಿಸುವುದೇ ದಾರಿ.

ಡುರಾಂಟ ಗಿಡದ ಬೇಲಿ ಹಾಕಿದವರು ಕತ್ತರಿ ಹಾಕುವ ಮುನ್ನ ಒಳಗೆ ಕೋಲು ಜೇನಿನ ತಟ್ಟಿ ಇದೆಯಾ ನೋಡಿ. ಜೇನು ಚುಚ್ಚಿದರೆ ಮುಳ್ಳು ಮೈಯಲ್ಲೇ ಉಳಿಯುತ್ತದೆ, ತಕ್ಷಣ ಉಗುರಲ್ಲಿ ಕೆರೆದು ತೆಗೆಯಬೇಕು. ಮುಖ, ತುಟಿ ಊದಿಕೊಂಡರೆ, ಉಸಿರು ಕಟ್ಟಿದಂತಾದರೆ ಮನೆಮದ್ದು ಮಾಡುತ್ತಾ ಕೂರದೆ ನೇರ ಆಸ್ಪತ್ರೆಗೆ.

ಮರ ನೆಡುವುದಾದರೆ

ನೀರುಕಾಯಿ ಮರ ಒಂದನ್ನು ಬಿಟ್ಟುಬಿಡಿ. ಕಿತ್ತಳೆ-ಕೆಂಪು ಹೂವಿನ ಈ ಆಫ್ರಿಕಾದ ಮರ ನಮ್ಮ ರಸ್ತೆ ಬದಿಯಲ್ಲಿ ಬೇಕಾದಷ್ಟಿದೆ. ನೋಡಲು ಬೆಂಕಿ ಹೊತ್ತಿದಂತೆ. ಆದರೆ ಇದರ ಹೂವಿನೊಳಗೆ ಮಿಸ್ರಿ ಜಾತಿಯ ಜೇನುಗಳು ಸತ್ತು ಬಿದ್ದಿರುವುದನ್ನು ಬ್ರೆಜಿಲ್‌ನಲ್ಲಿ ಸಂಶೋಧಕರು ದಾಖಲಿಸಿದ್ದಾರೆ. ಅದರ ಬದಲು ಮನೆ ಹತ್ತಿರಕ್ಕೆ ಸಂಪಿಗೆ, ದೂರಕ್ಕೆ ಹೊಂಗೆ, ನೇರಳೆ.

ಕಡೂರು, ಅರಸೀಕೆರೆ ಕಡೆಯವರಿಗೆ

ಮೇಲೆ ಹೇಳಿದ್ದರಲ್ಲಿ ಅರ್ಧ ನಿಮ್ಮ ಮಣ್ಣಿಗೆ ಒಗ್ಗುವುದಿಲ್ಲ. ಹೈಡ್ರೇಂಜಿಯಾ, ಆಂಥೂರಿಯಂ ಆಸೆ ಬಿಡಿ. ನಿಮಗೆ ತಂಗಡಿ ಇದೆ. ಹಳದಿ ಹೂವಿಗೆ ದುಂಬಿ ಬರುತ್ತದೆ, ಎಲೆಯ ಮೇಲೆ ಎಮಿಗ್ರಂಟ್ ಚಿಟ್ಟೆ ಮೊಟ್ಟೆ ಇಡುತ್ತದೆ. ರಾಗಿ ಹೊಲದ ಅಕ್ಕಡಿ ಸಾಲಿನ ಹುಚ್ಚೆಳ್ಳಿಗಿಂತ ಒಳ್ಳೆಯ ಜೇನಿನ ಊಟ ಯಾವ ನರ್ಸರಿಯಲ್ಲೂ ಸಿಗುವುದಿಲ್ಲ. ಈಗ ಆ ಸಾಲು ಹಾಕುವವರು ಕಮ್ಮಿಯಾಗಿದ್ದಾರೆ, ಮನೆ ಬದುವಿನಲ್ಲಾದರೂ ಒಂದು ಹಿಡಿ ಎರಚಿ. ಬಾಗಿಲಿಗೆ ಕಾಗದದ ಹೂ ನಿಮ್ಮಲ್ಲಿ ಬರುವಷ್ಟು ಚೆನ್ನಾಗಿ ನಮ್ಮ ಮಳೆಯಲ್ಲಿ ಬರುವುದಿಲ್ಲ. ಹಾಸನ ಪಟ್ಟಣದಲ್ಲಿ ಬಾಲ್ಕನಿ ಮಾತ್ರ ಇರುವವರಿಗೆ ಎರಡು ಕುಂಡ ಹೇಳುತ್ತೇನೆ: ಒಂದರಲ್ಲಿ ಕರಿಬೇವು, ಒಂದರಲ್ಲಿ ಗೊಂಚಲು ಹೂವಿನ ಪೆಂಟಾಸ್. ಬಡವರ ಊಟಿ ಅನ್ನಿಸಿಕೊಂಡ ಹಾಸನದ ಹವೆಗೆ ಎರಡೂ ಚೆನ್ನಾಗಿ ಬರುತ್ತವೆ.

ಲಂಟಾನ, ಮತ್ತೆ ನರ್ಸರಿ

ಲಂಟಾನಕ್ಕೆ ಚಿಟ್ಟೆ ಮುತ್ತುತ್ತದೆ, ಸುಳ್ಳಲ್ಲ. ಆದರೂ ನೆಡಬೇಡಿ. ನಮ್ಮ ಕಾಡಿನ ಅಂಚನ್ನೆಲ್ಲ ಅದು ನುಂಗಿದೆ, ಅದರ ಕೆಳಗೆ ನಮ್ಮ ಗಿಡ ಏಳುವುದಿಲ್ಲ. ಅದೇ ಕೆಲಸಕ್ಕೆ ಕೇಪಳ ಇದೆ, ಪೆಂಟಾಸ್ ಇದೆ.

ನರ್ಸರಿಗೆ ಹೋದಾಗ ಎಲೆಯಲ್ಲಿ ಒಂದು ತೂತೂ ಇಲ್ಲದ, ಮಿರಮಿರ ಮಿಂಚುವ ಗಿಡ ಕಂಡರೆ ಏನು ಹೊಡೆದಿದ್ದೀರಿ ಅಂತ ಕೇಳಿ. ಇಮಿಡಾಕ್ಲೋಪ್ರಿಡ್‌ನಂಥ ಔಷಧಿ ಬೇರಿನಿಂದ ಹೀರಿಕೊಂಡು ಮಕರಂದ, ಪರಾಗಕ್ಕೂ ಸೇರುತ್ತದೆ. ಯುರೋಪ್ ಒಕ್ಕೂಟ 2018ರಲ್ಲಿ ಇದನ್ನೂ ಇದೇ ಗುಂಪಿನ ಇನ್ನೆರಡನ್ನೂ ಬಯಲಿನಲ್ಲಿ ಬಳಸದಂತೆ ನಿಷೇಧಿಸಿತು. ಮನೆಯಲ್ಲಿ ಸಿಂಪಡಿಸಲೇಬೇಕಾಗಿ ಬಂದರೆ ಹೂ ಇರುವ ಗಿಡಕ್ಕೆ ಬೇಡ. ಬೇರೆ ಗಿಡಕ್ಕಾದರೂ ಸಂಜೆ, ಜೇನು ಗೂಡು ಸೇರಿದ ಮೇಲೆ ಹೊಡೆಯಿರಿ. ಕೇಪಳ, ದಾಸವಾಳ, ತುಳಸಿಗೆ ನರ್ಸರಿಯೂ ಬೇಕಿಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅಕ್ಕಪಕ್ಕದವರ ಹತ್ತಿರ ಕಡ್ಡಿ, ಸಸಿ ಕೇಳಿ ತನ್ನಿ. ಕೇಪಳದ ಕಡ್ಡಿ ಬೇರು ಬಿಡುವುದು ನಿಧಾನ, ಮೂರ್ನಾಲ್ಕು ಕಡ್ಡಿ ಜಾಸ್ತಿಯೇ ಊರಿ.